ಅಪ್‌ಡೇಟ್: ಅಜ್ಜಿಯ ಟ್ರಂಕಿನಲ್ಲಿದ್ದ ಪದಕ ಯಾರದ್ದು ಅಂತ ಗೊತ್ತಾಯ್ತು

ಕುಂಬಳೆಯ ನಮ್ಮ ಮನೆಯ ಟ್ರಂಕಿನಲ್ಲಿ ಸಿಕ್ಕ ಪದಕ ಯಾರದ್ದು, ಹುಣಸೆಹುಳಿ ಹಾಕಿ ಉಜ್ಜಬಹುದಾ ಅಂತ ಕೇಳಿದ್ದೆನಲ್ಲ? ಉಜ್ಜಲಿಲ್ಲ, ಪುಣ್ಯ! ನೀವು ಹೇಳಿದ ಹಾಗೆ ಟಾರ್ಚ್ ಹಿಡಿದು ಅಂಚು ನೋಡಿದೆ. ಸಣ್ಣ ಅಕ್ಷರದಲ್ಲಿ ನಂಬರು, ಹುದ್ದೆ, ಹೆಸರು. ಅಜ್ಜಿಯ ತಮ್ಮನದ್ದು. 1971ರ ಯುದ್ಧದ ಸಂಗ್ರಾಮ ಪದಕ.

ಅವರು ನಮ್ಮ ನೌಕಾಪಡೆಯ ಯುದ್ಧನೌಕೆ ಐಎನ್‌ಎಸ್ ಖುಕ್ರಿಯಲ್ಲಿದ್ದರು. ವಯಸ್ಸು 20 ಅಷ್ಟೇ. ಡಿಸೆಂಬರ್ 9ರ ರಾತ್ರಿ ದಿಯು ಕಡೆಯ ಕಡಲಲ್ಲಿ ಪಾಕಿಸ್ತಾನದ ಹಂಗೋರ್ ಸಬ್‌ಮರೀನ್ ಟಾರ್ಪಿಡೊ ಹೊಡೆದು ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು ಹೋದರು.

ಇಷ್ಟು ವರ್ಷ ಬಾಯಿ ಬಿಡದ ಅಜ್ಜಿ, ಹೆಸರು ಓದಿದಾಗ ಪದಕವನ್ನು ಸೆರಗಲ್ಲಿ ಒರೆಸಿ, "ಅವನಿಗೆ ಕೆರೆಯಲ್ಲಿ ಈಜು ಕಲಿಸಿದ್ದೇ ನಾನು" ಅಂದರು. ವಾಪಸ್ ಟ್ರಂಕಿಗೆ ಹಾಕಲು ಬಿಡಲಿಲ್ಲ. ಹರಿದ ರಿಬ್ಬನ್ ಸಮೇತ ಈಗ ದೇವರ ಕೋಣೆಯಲ್ಲಿದೆ.