ಆಕ್ಸಿಲರೇಟರ್ ತುಳಿದರೆ ಕಾರು ತಡವರಿಸುತ್ತಿದೆ, ಫ್ಯುಯೆಲ್ ಪಂಪ್ ಹಾಕಿಸಲೇಬೇಕಾ?

ಬೆಟ್ಟದಬುಡ:
ಎಲ್ಲರಿಗೂ ನಮಸ್ಕಾರ. ನನ್ನದು 2014ರ ಪೆಟ್ರೋಲ್ ಹ್ಯಾಚ್‌ಬ್ಯಾಕ್, ಮ್ಯಾನುಯಲ್, 80 ಸಾವಿರ ಕಿ.ಮೀ. ದಾಟಿದೆ. ದಿನಾ ಚಿಕ್ಕಬಳ್ಳಾಪುರದಿಂದ ದೇವನಹಳ್ಳಿಗೆ ಹೋಗಿ ಬರುತ್ತೇನೆ. ಮಳೆ ಶುರುವಾದಾಗಿನಿಂದ ಪಿಕಪ್ಪೇ ಇಲ್ಲ. ಸರ್ವಿಸ್ ರಸ್ತೆಯಿಂದ ಹೈವೇಗೆ ಸೇರುವಾಗ ತುಳಿದರೆ ಒಂದು ಕ್ಷಣ ಸತ್ತಂತೆ ಇರುತ್ತದೆ, ಆಮೇಲೆ ಜರ್ಕ್ ಹೊಡೆದುಕೊಂಡು ಹೋಗುತ್ತದೆ, ಅಷ್ಟರಲ್ಲಿ ಹಿಂದೆ ಹೈದರಾಬಾದ್ ಕಡೆಯಿಂದ ಬರುವ ಲಾರಿ ಹಾರ್ನ್ ಹೊಡೆಯುತ್ತಾ ಮೇಲೇ ಬಂದಿರುತ್ತದೆ. ನಂದಿ ಬೆಟ್ಟ ಹತ್ತುವಾಗ ಎರಡನೇ ಗೇರಲ್ಲೂ ಒದ್ದಾಡಿತು. ನಿಂತಾಗ ಎಂಜಿನ್ ಚೆನ್ನಾಗೇ ಓಡುತ್ತದೆ. ಮೆಕ್ಯಾನಿಕ್ ನೋಡಿದ ಕೂಡಲೇ ಫ್ಯುಯೆಲ್ ಪಂಪ್ ಹೋಗಿದೆ ಅಂದರು. ನಮ್ಮ ಭಾವ ಎಲ್ಲಾ ಎಥನಾಲ್ ಪೆಟ್ರೋಲ್ ಮಹಿಮೆ ಅಂತಾರೆ. ಯಾರನ್ನು ನಂಬಲಿ?

ಶಿಡ್ಲಘಟ್ಟಸವಾರ:
ಮೊದಲು ಏರ್ ಫಿಲ್ಟರ್ ಬಿಚ್ಚಿ ನೋಡಿ ಗುರು. ನಮ್ಮ ಕಡೆ ಜಲ್ಲಿ ಕ್ರಷರ್ ಧೂಳು ಗೊತ್ತಲ್ವಾ, ಕಂಪನಿ ಪುಸ್ತಕದಲ್ಲಿ ಬರೆದಷ್ಟು ದಿನ ಫಿಲ್ಟರ್ ಇಲ್ಲಿ ಬಾಳಲ್ಲ.

ಹಳೇಗ್ಯಾರೇಜು:
ನೋಡಿದ ಕೂಡಲೇ ಪಂಪ್ ಅಂದರೆ ನಾನಂತೂ ಒಪ್ಪಲ್ಲ. ಪಂಪ್ ಮೇಲೆ ಅನುಮಾನ ಇದ್ದರೆ ಗೇಜ್ ಹಾಕಿ ಪ್ರೆಶರ್ ನೋಡಬೇಕು, ಕಿವಿಯಲ್ಲಿ ಕೇಳಿ ಹೇಳುವ ವಿಷಯ ಅಲ್ಲ ಅದು. ನೀವು ಒಂದು ಹೇಳಿಲ್ಲ. ತುಳಿದಾಗ ಆರ್‌ಪಿಎಂ ಮುಳ್ಳು ಏರುತ್ತದಾ? ಮುಳ್ಳು ಸರ್ರನೆ ಮೇಲೆ ಹೋಗಿ ಗಾಡಿ ಮಾತ್ರ ಮುಂದೆ ಹೋಗದಿದ್ದರೆ ಅದು ಕ್ಲಚ್ ಜಾರುತ್ತಿರುವುದು, ಎಂಜಿನ್ ತಂಟೆಗೇ ಹೋಗಬೇಡಿ. ಮುಳ್ಳೂ ಏರದಿದ್ದರೆ ಗಾಳಿ, ಪೆಟ್ರೋಲ್, ಕಿಡಿ ಈ ಮೂರರಲ್ಲಿ ಒಂದು ಕಡಿಮೆಯಾಗಿದೆ.

ತುಳಿದ ಮೊದಲ ಕ್ಷಣ ಮಾತ್ರ ತಡವರಿಸಿ ಆಮೇಲೆ ನೀಟಾಗಿ ಎಳೆದರೆ ಥ್ರಾಟಲ್ ಬಾಡಿ (ಎಂಜಿನ್‌ಗೆ ಗಾಳಿ ಬಿಡುವ ಬಾಗಿಲು) ಕೊಳೆಯಾಗಿರಬಹುದು, ಇಲ್ಲಾ ಗಾಳಿ ಅಳೆಯುವ ಸೆನ್ಸರ್. ಪಂಪ್ ಸೋತಿದ್ದರೆ ಸಾಮಾನ್ಯವಾಗಿ ಉಲ್ಟಾ, ಶುರುವಲ್ಲಿ ಎಳೆದು ಜೋರಾಗಿ ಹೋಗುವಾಗ ಇಲ್ಲಾ ಉದ್ದನೆ ಏರಲ್ಲಿ ಕೈ ಕೊಡುತ್ತದೆ. ಲೋಡ್ ಬಿದ್ದಾಗೆಲ್ಲ ಜರ್ಕ್ ಹೊಡೆದರೆ ನನ್ನ ಮೊದಲ ಅನುಮಾನ ಕಿಡಿ ಹಾರಿಸುವ ಪ್ಲಗ್ ಮತ್ತು ಅದಕ್ಕೆ ಕರೆಂಟ್ ಕೊಡುವ ಕಾಯಿಲ್ ಮೇಲೆ. ಮಳೆಗಾಲದಲ್ಲಿ ಶುರುವಾಗಿದೆ ಅಂತೀರಿ, ಅದಕ್ಕೇ ಈ ಅನುಮಾನ. ಕಾಯಿಲ್ ರಬ್ಬರ್ ಬಿರುಕು ಬಿಟ್ಟಿದ್ದರೆ ತೇವಕ್ಕೆ ಕಿಡಿ ಪ್ಲಗ್‌ವರೆಗೂ ಹೋಗದೆ ಪಕ್ಕದಲ್ಲೇ ಸೋರಿಹೋಗುತ್ತದೆ. ನಿಂತಾಗ ಗೊತ್ತಾಗಲ್ಲ, ತುಳಿದಾಗ ಗೊತ್ತಾಗುತ್ತದೆ. ಗಾಡಿಯ ಕಂಪ್ಯೂಟರ್ ಓದುವ ಸ್ಕ್ಯಾನರ್ ಹಾಕಿಸಿ, ಅದು ತೋರಿಸುವ ದೋಷದ ಕೋಡ್ ಬರೆದುಕೊಂಡು ಬನ್ನಿ. ಎಂಜಿನ್ ಲೈಟ್ ಉರಿಯದಿದ್ದರೂ ಒಳಗೆ ಕೋಡ್ ಕೂತಿರಬಹುದು.

ಚಿಂತಾಮಣಿಚಾಲಕ:
ಭಾವನ ಮಾತಿಗೆ ಬರೋಣ. ಇ20, ಅಂದರೆ ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲಲ್ಲಿ ಮೈಲೇಜ್ ಸ್ವಲ್ಪ ಇಳಿಯುವುದು ನಿಜ, ಎಥನಾಲ್‌ನಲ್ಲಿ ಲೀಟರಿಗೆ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆ ಶಕ್ತಿ. 2014ರ ಗಾಡಿಯನ್ನು ಇ20ಗೆ ಅಂತ ಮಾಡಿಲ್ಲ, ರಬ್ಬರ್ ಪೈಪು, ಸೀಲುಗಳ ಮೇಲೆ ಕಣ್ಣಿಟ್ಟಿರಿ. ಆದರೆ ದಿನಾ ಅದೇ ಪೆಟ್ರೋಲ್ ಹಾಕಿ ಬೇಸಿಗೆಯಿಡೀ ಸರಿಯಾಗಿ ಓಡಿದ ಗಾಡಿ ಈಗ ಜರ್ಕ್ ಹೊಡೆದರೆ ಸುಮ್ನೆ ಅದರ ಮೇಲೆ ಹೇಳಿಬಿಡಬೇಡಿ. ಯಾವುದೋ ಒಂದು ಬಂಕಲ್ಲಿ ಹಾಕಿಸಿದ ಮೇಲೇ ಶುರುವಾಗಿದ್ದರೆ ನೀರು ಸೇರಿರಬಹುದು, ಅದು ಬೇರೆ ಕಥೆ.

ಬೆಟ್ಟದಬುಡ:
ಆರ್‌ಪಿಎಂ ಮುಳ್ಳೂ ಏರಲ್ಲ, ಅಲ್ಲೇ ನಡುಗುತ್ತದೆ. ಏರ್ ಫಿಲ್ಟರ್ ಬೂದಿ ಬಣ್ಣಕ್ಕೆ ತಿರುಗಿತ್ತು, ಬದಲಿಸಿದೆ. ಸ್ವಲ್ಪ ಹಗುರ ಅನಿಸಿತು, ಜರ್ಕ್ ಹೋಗಿಲ್ಲ. ಸ್ಕ್ಯಾನರಲ್ಲಿ ಪಿ0302 ಬಂತು. ನಿನ್ನೆ ಏರಲ್ಲಿ ಎಂಜಿನ್ ಲೈಟ್ ಪಿಳಿಪಿಳಿ ಅಂದು ಆರಿಹೋಯಿತು.

ಹಳೇಗ್ಯಾರೇಜು:
ಹಾಗಿದ್ದರೆ ಪಂಪ್ ಸದ್ಯಕ್ಕೆ ಬಿಡಿ. ಪಿ0302 ಅಂದರೆ ಎರಡನೇ ಸಿಲಿಂಡರ್ ಮಿಸ್ಸಿಂಗ್, ಅದರಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಪಂಪ್ ಹೋಗಿದ್ದರೆ ಒಂದೇ ಸಿಲಿಂಡರ್ ಮೇಲೆ ಅದಕ್ಕೇನು ಸಿಟ್ಟು? ನಿಮ್ಮ ಗಾಡಿಯಲ್ಲಿ ಸಿಲಿಂಡರ್‌ಗೊಂದು ಕಾಯಿಲ್ ಇದ್ದರೆ ಖರ್ಚಿಲ್ಲದ ಪರೀಕ್ಷೆ ಇದೆ. ಎಂಜಿನ್ ತಣ್ಣಗಾದ ಮೇಲೆ ಎರಡನೇ ಕಾಯಿಲ್ ತೆಗೆದು ಮೂರನೆಯದಕ್ಕೆ ಹಾಕಿ, ಮೂರನೆಯದನ್ನು ಎರಡಕ್ಕೆ. ಕೋಡ್ ಅಳಿಸಿ ಏರಲ್ಲಿ ಒಂದು ಸುತ್ತು ಹೋಗಿ ಬನ್ನಿ. ಪಿ0303 ಬಂದರೆ ಕಾಯಿಲ್ಲೇ ಕಳ್ಳ. ಮತ್ತೆ 0302 ಬಂದರೆ ಪ್ಲಗ್‌ಗಳನ್ನು ಹಾಗೇ ಅದಲುಬದಲು ಮಾಡಿ, ಅದಕ್ಕೂ ಜಗ್ಗದಿದ್ದರೆ ಆಗ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ನೋಡಿ. ಕಾಯಿಲ್ ತೆಗೆದಾಗ ಆ ಕುಳಿಯೊಳಗೆ ನೀರೋ ಆಯಿಲೋ ಇದೆಯಾ ನೋಡಿ. ಆಯಿಲ್ ಇದ್ದರೆ ವಾಲ್ವ್ ಕವರ್ ಸೀಲೂ ಬದಲಿಸಬೇಕು, ಇಲ್ಲದಿದ್ದರೆ ಹೊಸ ಕಾಯಿಲ್ ಕೂಡ ಹಾಳಾಗುತ್ತದೆ.

ಎಂಜಿನ್ ಲೈಟ್ ಮಿಣುಕಿದರೆ ಕೂಡಲೇ ಆಕ್ಸಿಲರೇಟರ್ ಮೇಲಿನ ಕಾಲು ಸಡಿಲಿಸಿ. ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಸುಡುತ್ತದೆ, ಅದರ ಬೆಲೆ ಕೇಳಿದರೆ ಪಂಪೇ ಅಗ್ಗ ಅನಿಸುತ್ತದೆ.

ಶಿಡ್ಲಘಟ್ಟಸವಾರ:
ಕಾಯಿಲ್ ಕೊಳ್ಳುವುದಾದರೆ ಡೂಪ್ಲಿಕೇಟ್ ಜಾಸ್ತಿ ಇವೆ ಅಣ್ಣ, ಹಳೆಯದರ ಮೇಲಿನ ಪಾರ್ಟ್ ನಂಬರ್ ಫೋಟೋ ತೆಗೆದುಕೊಂಡು ಹೋಗಿ, ಬಿಲ್ ಕೇಳಿ.