ಮುದಿ ಕುದುರೆಗೆ ಕೊಟ್ಟಿಗೆಯ ಪಕ್ಕ ಮಾಡು (ಚಾವಣಿ) ಇಳಿಸುವುದು ಹೇಗೆ? ಸೂರು ಬರೀ 7 ಅಡಿ

ಹಿನ್ನೀರಿನವ
ಏಪ್ರಿಲ್ 12

ಎಲ್ಲರಿಗೂ ನಮಸ್ಕಾರ. ನಾನು ಹೊಸನಗರ ತಾಲೂಕಿನ ನಗರ ಅನ್ನುವ ಊರಿನ ಕಡೆಯವನು. ಅಡಿಕೆ ತೋಟ, ಮೂರು ದನ, ಒಂದು ನಾಯಿ. ಹೋದ ತಿಂಗಳಿಂದ ಒಂದು ಕುದುರೆ ಕೂಡ.

ಹೇಗೆ ಬಂತು ಅಂತ ಕೇಳದೆ ನೀವು ಬಿಡುವವರಲ್ಲ. ಶಿವಮೊಗ್ಗದಲ್ಲಿ ಮದುವೆ ದಿಬ್ಬಣಕ್ಕೆ ಬಾಡಿಗೆಗೆ ಹೋಗುತ್ತಿದ್ದ ಹೆಣ್ಣು ಕುದುರೆ ಇದು. ವಯಸ್ಸು 18 ದಾಟಿದೆ. ಯಜಮಾನರು ಕಸುಬು ಬಿಟ್ಟರು. ಅವರ ಮಗ ನನ್ನ ಜೊತೆ ಓದಿದವನು. "ನಿಮ್ಮಲ್ಲಿ ಜಾಗ ಇದೆಯಲ್ಲ ಮಾರಾಯ" ಅಂದ. ನಾನು ಹೂಂ ಅಂದೆ. ಮನೆಯಲ್ಲಿ ಮೂರು ದಿನ ಯಾರೂ ಮಾತಾಡಲಿಲ್ಲ. ನಾಲ್ಕನೇ ದಿನ ಅಮ್ಮನೇ ಅದಕ್ಕೆ ಬೆಲ್ಲ ತಿನ್ನಿಸುತ್ತಾ ನಿಂತಿದ್ದರು. ಹೆಸರು ಬಿಜಲಿ. ಹೆಗಲ ಹತ್ತಿರ ಅಳೆದರೆ 52 ಇಂಚು.

ಈಗ ವಿಷಯ. ಹಳೆಯ ದನದ ಕೊಟ್ಟಿಗೆ ಇದೆ. ಜಂಬಿಟ್ಟಿಗೆ ಗೋಡೆ, ಹಂಚಿನ ಮಾಡು, 30 ಅಡಿ ಉದ್ದ. ಅದರ ಪೂರ್ವದ ಗೋಡೆಗೆ ಒರಗಿಸಿ, ಒಂದೇ ಕಡೆ ಇಳಿಜಾರಿನ ತಗಡಿನ ಮಾಡು ಇಳಿಸಿದರೆ ಒಂದು ಗೋಡೆ ಉಳಿಯುತ್ತದೆ ಅಂತ ನನ್ನ ಲೆಕ್ಕ. ಆದರೆ ಸೂರು ನೆಲದಿಂದ 7 ಅಡಿ ಮಾತ್ರ. ಅಲ್ಲಿಂದ ಕೆಳಗೆ ಇಳಿಸಿದರೆ ಕೊನೆಯಲ್ಲಿ 5 ಅಡಿಯೂ ಉಳಿಯುವುದಿಲ್ಲ. ಬಿಜಲಿ ತಲೆ ಎತ್ತಿದರೆ ಮುಗಿಯಿತು. ಭಾವ ಹೇಳುತ್ತಾರೆ, ನೆಲವನ್ನೇ 2 ಅಡಿ ತೋಡಿ ತಗ್ಗಿಸು ಅಂತ.

ಇಳಿಜಾರು ಎಷ್ಟಿರಬೇಕು? ಕಂಬಕ್ಕೆ ಅಡಿಕೆ ಮರ ಆದೀತಾ? ಮಿರ್ಗದ (ಮೃಗಶಿರಾ) ಮಳೆ ಹಿಡಿಯುವ ಮೊದಲು ಮುಗಿಸಬೇಕು.

---

ಸಾಗರದ ಬಡಗಿ
ಏಪ್ರಿಲ್ 12

ಮೊದಲು ಭಾವನವರಿಗೆ ನನ್ನ ನಮಸ್ಕಾರ ತಿಳಿಸಿ, ಗುದ್ದಲಿ ಬಚ್ಚಿಡಿ. ನಮ್ಮ ಕಡೆ 2 ಅಡಿ ತೋಡಿದ ನೆಲಕ್ಕೆ ಕೊಟ್ಟಿಗೆ ಅಂತ ಹೆಸರಿಲ್ಲ, ಕೆರೆ ಅಂತಾರೆ. ನೆಲ ಸುತ್ತಲಿಗಿಂತ ಒಂದು ಅಡಿ ಎತ್ತರವೇ ಇರಬೇಕು.

ನನ್ನ ಕಥೆ ಕೇಳಿ. 2019ರಲ್ಲಿ ನಮ್ಮನೆ ಕೊಟ್ಟಿಗೆಗೆ ನಾನೇ ಹೀಗೆ ಒರಗಿಸಿ ಮಾಡು ಇಳಿಸಿದೆ, ಹುಲ್ಲು ಇಡಲು. ಕಸುಬಿನವನು ಅನ್ನುವ ಧಿಮಾಕು ಬೇರೆ. ಗೋಡೆಗೆ ಅಡ್ಡ ತೊಲೆ ಬೋಲ್ಟ್ ಹಾಕಿ ಕೂರಿಸಿ, ತಗಡಿನ ಮೇಲಂಚು ಗೋಡೆಗೆ ಸೇರುವಲ್ಲಿ ಸಿಮೆಂಟ್ ಮೆತ್ತಿದೆ. ಮಿರ್ಗ ದಾಟಿತು, ಏನೂ ಆಗಲಿಲ್ಲ. ಆರಿದ್ರಾ ಮಳೆಯ ಮೂರನೇ ದಿನ ಒಳಗೆ ಹೋಗಿ ನೋಡುತ್ತೇನೆ, ತೊಲೆಯ ಕೆಳಗೆ ಗೋಡೆಯುದ್ದಕ್ಕೂ ಬೆರಳಗಲ ಹಸಿರು ಪಾಚಿ. ಸಿಮೆಂಟಿಗೂ ಕಲ್ಲಿಗೂ ನಡುವೆ ಉಗುರು ಹೋಗುವಷ್ಟು ಬಿರುಕು. ತಗಡು ಬಿಸಿಲಿಗೆ ಹಿಗ್ಗುತ್ತದೆ, ರಾತ್ರಿ ಕುಗ್ಗುತ್ತದೆ. ಸಿಮೆಂಟ್ ಎಷ್ಟು ದಿನ ತಡೆದೀತು? ಜಂಬಿಟ್ಟಿಗೆಯಂತೂ ಸ್ಪಂಜು. ಒಮ್ಮೆ ನೀರು ಕುಡಿದರೆ ದೀಪಾವಳಿವರೆಗೂ ಆರುವುದಿಲ್ಲ. ಗೋಡೆಗೆ ತಾಗಿದ್ದ ಹುಲ್ಲಿನ ಹೊರೆಯಲ್ಲಿ ಅಣಬೆ ಎದ್ದಿತ್ತು.

ಮಾಡು ಸೋರುವುದು ತಗಡಿನ ನಡುವೆ ಅಲ್ಲ. ಹೊಸತು ಹಳತಿಗೆ ಸೇರುವ ಜಾಗದಲ್ಲಿ. ಹಾಗಾಗಿ ನಿಮ್ಮ ಸೂರು ಗಿಡ್ಡ ಇರುವುದೇ ಒಳ್ಳೆಯದಾಯಿತು. ಸೇರಿಸಲೇಬೇಡಿ. ಒಂದೇ ಇಳಿಜಾರು ಇರಲಿ, ಆದರೆ ತನ್ನ ಕಾಲ ಮೇಲೆ ನಿಲ್ಲಲಿ. ಕೊಟ್ಟಿಗೆ ಗೋಡೆಗೂ ಹೊಸ ಕಂಬಕ್ಕೂ 5 ಅಡಿ ಬಿಡಿ.

ಎತ್ತರದ ಬಾಯಿ ಪೂರ್ವಕ್ಕೆ, ತಗ್ಗಿನ ಬೆನ್ನು ಕೊಟ್ಟಿಗೆಯ ಕಡೆಗೆ. ಮಳೆಗಾಲದ ಗಾಳಿ ಪಶ್ಚಿಮ, ನೈಋತ್ಯದಿಂದ ತಾನೇ ಬರುವುದು? ಹಳೆ ಕೊಟ್ಟಿಗೆಯೇ ಅದಕ್ಕೆ ಅಡ್ಡ ನಿಲ್ಲುತ್ತದೆ. ಒಳಗೆ 10 ಅಡಿಗೆ 12 ಅಡಿ ಜಾಗ ಸಾಕು. ಮುಂದಿನ ಕಂಬ 10.5 ಅಡಿ, ಹಿಂದಿನದು 8 ಅಡಿ. 10 ಅಡಿಗೆ ಎರಡೂವರೆ ಅಡಿ ಇಳಿಯಿತು. ಬರೀ ತಗಡಿಗೆ ಇದಕ್ಕಿಂತ ಕಮ್ಮಿ ಇಳಿಜಾರೂ ನಡೆಯುತ್ತದೆ, ಆದರೆ ನಗರ, ಹುಲಿಕಲ್ ಕಡೆಯ ಮಳೆಗೆ ಜಿಪುಣತನ ಬೇಡ. ಹಂಚು ಹೊದಿಸುವುದಾದರೆ ಇದು ಸಾಲದು, ಇದರ ಎರಡರಷ್ಟು ಬೇಕು. ಆಗ ಮುಂದಿನ ಕಂಬ ತೆಂಗಿನ ಮರದಷ್ಟಾಗುತ್ತದೆ.

ತಗಡು 0.5 ಮಿ.ಮೀ. ದಪ್ಪದ್ದು ತಗೊಳ್ಳಿ, 15 ಅಡಿ ಉದ್ದಕ್ಕೆ ಕತ್ತರಿಸಿ ಕೊಡಲು ಹೇಳಿ. ಮುಂದೆ 3 ಅಡಿ, ಹಿಂದೆ ಒಂದೂವರೆ ಅಡಿ ಸೂರು ಚಾಚುತ್ತದೆ. ಒಂದೇ ಉದ್ದದ ತಗಡು, ನಡುವೆ ಅಡ್ಡ ಜೋಡಣೆ ಬೇಡವೇ ಬೇಡ. ಐದು ತಗಡು ಬೇಕಾಗುತ್ತದೆ. ಹೊದಿಸುವುದನ್ನು ಉತ್ತರದ ತುದಿಯಿಂದ ಶುರು ಮಾಡಿ, ಆಗ ಜೋಡಣೆಯ ಅಂಚು ಗಾಳಿಗೆ ಬೆನ್ನು ಹಾಕುತ್ತದೆ. ಸ್ಕ್ರೂ ರಬ್ಬರ್ ವಾಷರ್ ಇರುವುದು. ಉಬ್ಬಿನ ಮೇಲೆ ಹಾಕಿ, ನೀರು ಹರಿಯುವ ತಗ್ಗಿನಲ್ಲಲ್ಲ.

ಇನ್ನೊಂದು. ಎರಡೂ ಮಾಡಿನ ನೀರು ಆ 5 ಅಡಿಯ ಓಣಿಗೇ ಬೀಳುತ್ತದೆ. ಕೊಟ್ಟಿಗೆಯ ಪೂರ್ವದ ಭಾಗ ಸುಮಾರು 300 ಚದರ ಅಡಿ ಅಂತಿಟ್ಟುಕೊಳ್ಳಿ, ಹೊಸದು 240. ಸೇರಿಸಿದರೆ 50 ಚದರ ಮೀಟರ್. ಒಂದು ಚದರ ಮೀಟರಿಗೆ ಒಂದು ಮಿ.ಮೀ. ಮಳೆ ಅಂದರೆ ಒಂದು ಲೀಟರ್. ದಿನಕ್ಕೆ 100 ಮಿ.ಮೀ. ಹೊಡೆದರೆ 5,000 ಲೀಟರ್! ಓಣಿಯ ನಡುವೆ ಕಲ್ಲು ಕಟ್ಟಿದ ಚರಂಡಿ ಮಾಡಿ ತೋಟದ ಕಪ್ಪಿಗೆ (ನೀರು ಹೋಗುವ ಕಾಲುವೆಗೆ) ಬಿಡಿ. ಮಾಡಿಗಿಂತ ಮೊದಲು ಅದೇ ಆಗಲಿ.

---

ದಬ್ಬೆ ಗೌಡ
ಏಪ್ರಿಲ್ 13

ಅಡಿಕೆ ಮರದ ಕಂಬ ಬೇಡ ಅಣ್ಣ. ಮಣ್ಣಲ್ಲಿ ಹೂತರೆ ಎರಡು ಮಳೆಗಾಲಕ್ಕೆ ಬುಡ ಕುಂಬಾಗುತ್ತದೆ, ಮೇಲಿಂದ ಒರಲೆ. ಅದೂ ಅಲ್ಲದೆ ಕುದುರೆ ದನದ ಹಾಗಲ್ಲ. ತುರಿಸಿತು ಅಂದರೆ ಹಿಂಭಾಗ ಕಂಬಕ್ಕೆ ಕೊಟ್ಟು ಅರ್ಧ ಗಂಟೆ ಉಜ್ಜುತ್ತದೆ. ಜಿ.ಐ. ಪೈಪ್ ಹಾಕಿ, ಎರಡೂವರೆ ಅಡಿ ಗುಂಡಿ, ಕಾಂಕ್ರೀಟ್. ಮುಂದೆ ಪೂರ್ತಿ ತೆರೆದ ಶೆಡ್ ಅಂದರೆ ಗಾಳಿಗೆ ಹಿಡಿದ ಕೊಡೆ. ಮೇ ತಿಂಗಳ ಗುಡುಗು ಮಳೆಯ ಗಾಳಿಗೆ ದಿಕ್ಕು ದೆಸೆ ಇಲ್ಲ. ಭಾರ ತಡೆಯಲು ಮಾತ್ರ ಅಲ್ಲ, ಮೇಲೆ ಹಾರದಂತೆ ಹಿಡಿಯಲೂ ಕಂಬ ಬೇಕು.

ಅಡಿಕೆ ಮರ ಸೀಳಿದ ದಬ್ಬೆಯನ್ನು ಗೋಡೆಗೆ ಬೇಕಾದರೆ ಹಾಕಿ. ಆದರೆ ಕೆಳಗಿನ 4 ಅಡಿಗೆ ಗಟ್ಟಿ ಹಲಗೆಯೇ ಇರಲಿ. ಒದ್ದರೆ ದಬ್ಬೆ ಸೀಳಿ ಕಾಲಿಗೆ ಚುಚ್ಚುತ್ತದೆ.

---

ತುಂಗೆಯ ದಂಡೆ
ಏಪ್ರಿಲ್ 13

ನಾನು ಪಶುವೈದ್ಯೆ. ಕುದುರೆ ಕೇಸು ನಮ್ಮ ಕಡೆ ಅಪರೂಪ, ಆದ್ದರಿಂದ ಈ ಚರ್ಚೆ ಓದಿ ಖುಷಿಯಾಯಿತು.

ಬಡಗಿಯವರು ಹೇಳಿದ್ದರಲ್ಲಿ ತಪ್ಪಿಲ್ಲ. ಒಂದೇ ಮಾತು, ಮೂರು ಕಡೆಯೂ ಮಾಡಿನವರೆಗೆ ಮುಚ್ಚಬೇಡಿ. ಮೇಲ್ಗಡೆ ಒಂದೂವರೆ ಅಡಿ ತೆರೆದಿರಲಿ. ಮಳೆಗಾಲದಲ್ಲಿ ಗಂಜಲದ ಘಾಟು ಒಳಗೇ ನಿಂತರೆ ಕುದುರೆಯ ಶ್ವಾಸಕೋಶಕ್ಕೆ ಕೆಟ್ಟದ್ದು. ಎರಚಲು ಬರುತ್ತದೆ ಅಂತ ಟಾರ್ಪಲ್ ಕಟ್ಟಿ ಮುಚ್ಚುವವರೇ ಜಾಸ್ತಿ. ಸ್ವಲ್ಪ ಎರಚಲು ಪರವಾಗಿಲ್ಲ, ಉಸಿರು ಕಟ್ಟುವುದು ಬೇಡ.

ನೆಲಕ್ಕೆ ನುಣ್ಣಗೆ ಸಿಮೆಂಟ್ ಸಾರಿಸಬೇಡಿ, ಮುದಿ ಕುದುರೆ ಜಾರಿ ಬಿದ್ದರೆ ಏಳುವುದು ಕಷ್ಟ. ಜಂಬಿಟ್ಟಿಗೆ ಹಾಸಿ, ಹಿಂದಕ್ಕೆ ತುಸು ಇಳಿಜಾರು ಕೊಡಿ. ಗೊರಸಿನ ಅಡಿಯಲ್ಲಿ ತ್ರಿಕೋನದ ಮೆತ್ತನೆಯ ಭಾಗ ಇದೆಯಲ್ಲ, ಒದ್ದೆಯಲ್ಲೇ ನಿಂತರೆ ಅದು ಕೊಳೆಯುತ್ತದೆ. ದಿನಾ ಗೊರಸು ಎತ್ತಿ ಕೆರೆದು ನೋಡಿ. ಕಪ್ಪು ಕಸರು, ಕೆಟ್ಟ ನಾತ ಬಂದರೆ ಶುರುವಾಗಿದೆ ಅಂತ ಅರ್ಥ. ಬೂಸ್ಟು ಬಂದ ಹುಲ್ಲು ಹಾಕಲೇಬೇಡಿ. ದನ ತಡೆದುಕೊಂಡೀತು, ಕುದುರೆಗೆ ಕೆಮ್ಮು, ಹೊಟ್ಟೆನೋವು. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ ಅನ್ನುವುದು ನೆನಪಿರಲಿ.

ಹತ್ತಿರ ಕಣಗಿಲೆ ಗಿಡ ಇದ್ದರೆ ತೆಗೆಸಿ. ಕೆಲವೇ ಎಲೆ ತಿಂದರೂ ಉಳಿಯುವುದು ಕಷ್ಟ.

---

ಹಿನ್ನೀರಿನವ
ಏಪ್ರಿಲ್ 14

ಮೇಡಂ, ಕಣಗಿಲೆ ಅಂಗಳದಲ್ಲೇ ಇದೆ! ಅಮ್ಮನ ದೇವರ ಹೂವಿನ ಗಿಡ. ಮಾತುಕತೆ ನಡೆಯುತ್ತಿದೆ.

ಬಡಗಿ ಅಣ್ಣ, ಒಂದೇ ಅನುಮಾನ. ತಗಡಿನ ಮೇಲೆ ಮಳೆ ಬಿದ್ದರೆ ಸದ್ದು ಜೋರಲ್ವಾ? ಕುದುರೆ ಬೆದರುವುದಿಲ್ಲವೇ?

---

ಸಾಗರದ ಬಡಗಿ
ಏಪ್ರಿಲ್ 14

18 ವರ್ಷದಲ್ಲಿ ಎಷ್ಟು ಬ್ಯಾಂಡ್‌ಸೆಟ್ಟಿನ ಪಕ್ಕ ನಿಂತಿದ್ದಾಳೋ ಪಾಪ. ಅವಳು ಬೆದರಲ್ಲ, ನೀವು ಧೈರ್ಯವಾಗಿರಿ.

---

ಹಿನ್ನೀರಿನವ
ಜುಲೈ 21

ತಡವಾಗಿ ಬರೆಯುತ್ತಿದ್ದೇನೆ, ಎರಡು ವಾರ ಕರೆಂಟೂ ಇಲ್ಲ ನೆಟ್ಟೂ ಇಲ್ಲ.

ಮಾಡು ನಿಂತಿದೆ. ಮೇ 28ಕ್ಕೆ ಮುಗಿಯಿತು. ಚರಂಡಿ ಮೊದಲು ಮಾಡಿದ್ದು ಬಹಳ ಒಳ್ಳೆಯದಾಯಿತು. ಮೊನ್ನೆ ಪುನರ್ವಸು ಮಳೆಗೆ ಓಣಿಯಲ್ಲಿ ಮೊಣಕಾಲುದ್ದ ನೀರು ಓಡುತ್ತಿತ್ತು, ಒಳಗೆ ನೆಲ ಒಣಗಿದ ಹಾಗೇ ಇತ್ತು. ಒಂದು ತಪ್ಪು ಮಾಡಿದೆ. ಹಿಂದಿನ ತಗಡಿನ ಚೂಪು ಅಂಚಿಗೆ ಏನೂ ಹಾಕಿರಲಿಲ್ಲ. ಏಣಿ ಹತ್ತಿ ಸೂರಿನ ಕಸ ತೆಗೆಯಲು ಹೋಗಿ ನನ್ನ ಕಿವಿಯೇ ಕೊಯ್ದುಕೊಂಡಿತು, ಎರಡು ಹೊಲಿಗೆ. ಈಗ ಹಳೆಯ ಡ್ರಿಪ್ ಪೈಪನ್ನು ಉದ್ದಕ್ಕೆ ಸೀಳಿ ಅಂಚಿಗೆ ಸಿಕ್ಕಿಸಿದ್ದೇನೆ. ಕಣಗಿಲೆ ಪಕ್ಕದ ಮನೆಯ ಬೇಲಿಗೆ ಹೋಯಿತು. ಭಾವ ಬಂದು ನೋಡಿ, ನೆಲ ಎತ್ತರ ಮಾಡು ಅಂತ ತಾನೇ ಹೇಳಿದ್ದು ಅಂದರು.

ಇನ್ನು ಬಿಜಲಿ. ಜಡಿಮಳೆ ಶುರುವಾದರೆ ಅವಳು ಹೊರಗೆ ಹಲಸಿನ ಮರದ ಕೆಳಗೆ ಹೋಗಿ, ಗಾಳಿಗೆ ಬೆನ್ನು ಕೊಟ್ಟು, ಬಾಲ ಕಾಲ ಸಂದಿ ಇಟ್ಟು ನಿಲ್ಲುತ್ತಾಳೆ. ಬೆನ್ನಿಂದ ನೀರು ದಾರವಾಗಿ ಇಳಿಯುತ್ತಿರುತ್ತದೆ. ಕರೆದರೆ ಕಿವಿ ಮಾತ್ರ ತಿರುಗಿಸುತ್ತಾಳೆ. ಮಳೆ ಬಿಟ್ಟು, ಬಿಸಿಲು ಬಂದು, ನೊಣ ಎದ್ದ ಮೇಲೆ ಒಳಗೆ ಬರುತ್ತಾಳೆ. ಮಳೆ ಹೊತ್ತಲ್ಲಿ ಅಲ್ಲಿ ಮಲಗುವುದು ನಾಯಿ.