ಪದಚರ್ಚೆ: ಜರಿ ಕಚ್ಚುತ್ತದೆಯೋ, ಕುಟುಕುತ್ತದೆಯೋ? (ತುರ್ತು)

ಗೆಳೆಯರೇ,

ನಾಳೆ ಬೆಳಿಗ್ಗೆ ಅಚ್ಚಿಗೆ ಹೋಗಬೇಕಾದ ಭಿತ್ತಿಪತ್ರವೊಂದು ಕೈಯಲ್ಲಿದೆ. ಮನೆಯೊಳಗೆ ಸೇರಿಕೊಳ್ಳುವ ಚೇಳು, ಜರಿ, ಜೇಡ, ಕಡಜ, ಕೆಂಪಿರುವೆ, ತಿಗಣೆಗಳಿಂದ ನೋವಾದರೆ ಏನು ಮಾಡಬೇಕು ಎಂಬ ಒಂದು ಪುಟದ ಸೂಚನೆ. ಮೂಲದ ತಲೆಬರಹ ‘ಬೈಟ್ಸ್ ಅಂಡ್ ಸ್ಟಿಂಗ್ಸ್’. ನಾನು ‘ಕೀಟ ಕಡಿತ’ ಎಂದು ಬರೆದೆ. ಕರಡು ನೋಡಿದ ಹುಡುಗ ‘ಕೀಟಗಳನ್ನು ಕಡಿತ ಮಾಡುವ ಯೋಜನೆಯೇ ಮೇಡಂ?’ ಎಂದು ಕೇಳಿದ. ವೇತನ ಕಡಿತ, ವಿದ್ಯುತ್ ಕಡಿತ ಓದಿ ಬೆಳೆದವನು, ಅವನ ತಪ್ಪಲ್ಲ. ಸಾಲದ್ದಕ್ಕೆ ಕಡಿತ ಎಂದರೆ ತುರಿಕೆಯೂ ಹೌದು. ಬಾಯಿಂದ ಕಚ್ಚುವುದಕ್ಕೆ ಒಂದು, ಬಾಲದಿಂದ ಚುಚ್ಚುವುದಕ್ಕೆ ಒಂದು ನಾಮಪದ ಬೇಕು. ದಪ್ಪಕ್ಷರದಲ್ಲಿ ಒಂದೇ ಸಾಲಿಗೆ ಹಿಡಿಸಬೇಕು. ಇಂದೇ ಬೇಕು.
— ಸು.

> ನಾಮಪದ ಬೇಕು

ಕೀಟದಂಶ. ಸಿದ್ಧಪದ ಇರುವಾಗ ಪರದಾಟ ಏಕೆ? ದಂತದಿಂದ ದಂಶ. ಹಲ್ಲಿನ ಕೆಲಸವೆಂಬುದು ಪದದಲ್ಲೇ ಇದೆ.
— ರಾ.

> ದಂತದಿಂದ ದಂಶ

ಅಲ್ಲ. ದಂಶ್ ಬೇರೆಯೇ ಧಾತು. ದಂಷ್ಟ್ರ ಅದರಿಂದ ಬಂದದ್ದು, ದಂತ ಅಲ್ಲ. ಅದಿರಲಿ, ಸಂಸ್ಕೃತದಲ್ಲಿ ಹಾವಿಗೂ ಚೇಳಿಗೂ ಆ ಒಂದೇ ಪದ ಸಾಕಾಗುತ್ತದೆ. ಸು. ಅವರು ಕೇಳಿದ್ದು ಎರಡು ಪದ. ಜೊತೆಗೆ ಜೇಡಕ್ಕೂ ಚೇಳಿಗೂ ಎಂಟು ಕಾಲು, ಅವು ಕೀಟಗಳೇ ಅಲ್ಲ. ‘ಹುಳುಹುಪ್ಪಟೆ’ ಎನ್ನಿ, ಎಲ್ಲವೂ ಅದರೊಳಗೆ ಬರುತ್ತವೆ. ಬಾಲದ ಕೆಲಸಕ್ಕೆ ‘ಕುಟುಕು’. ಮುಗಿಯಿತು.
— ವೆಂ.

ಮುಗಿಯಲಿಲ್ಲ. ನಾನು ದಿನವಿಡೀ ಸುದ್ದಿ ತಿದ್ದುವವನು. ‘ಕುಟುಕು’ ಎಂದು ದಪ್ಪಕ್ಷರದಲ್ಲಿ ಕಂಡರೆ ಮುಂದೆ ‘ಕಾರ್ಯಾಚರಣೆ’ ಎಂದೇ ಓದಿಕೊಳ್ಳುತ್ತೇನೆ. ಕೋಳಿಯೂ ಕಾಳನ್ನು ಕುಟುಕುತ್ತದೆ, ಅತ್ತೆಯೂ ಮಾತಿನಲ್ಲಿ ಕುಟುಕುತ್ತಾಳೆ. ಇನ್ನು ಜರಿಯ ಗತಿ? ಅದು ವಿಷ ಬಿಡುವುದು ಬಾಯಿಂದಲೂ ಅಲ್ಲ, ಬಾಲದಿಂದಲೂ ಅಲ್ಲ. ತಲೆಯ ಹಿಂದಿನ ಮೊದಲ ಜೊತೆ ಕಾಲುಗಳೇ ಕೊಕ್ಕೆಗಳಾಗಿ, ಅವುಗಳ ತುದಿಯಿಂದ ವಿಷ ಇಳಿಯುತ್ತದೆ. ಅದಕ್ಕೊಂದು ಮೂರನೆಯ ಪದ ಹುಟ್ಟಿಸುತ್ತೀರಾ?
— ಜ.

> ಮೂರನೆಯ ಪದ

ಬೇಕಿಲ್ಲ. ಹೋದ ವಾರ ಒದ್ದೆ ಟವೆಲಿನ ಮಡಿಕೆಯಲ್ಲಿದ್ದ ಜರಿ ನನ್ನ ಹೆಬ್ಬೆರಳಿನ ಬುಡಕ್ಕೆ ಬಾಯಿ ಹಾಕಿತು. ಕ್ಷಮಿಸಿ, ಕಾಲು ಹಾಕಿತು. ಪಕ್ಕಪಕ್ಕದಲ್ಲಿ ಎರಡು ಕೆಂಪು ಚುಕ್ಕೆ, ಮೊಣಕೈವರೆಗೂ ಉರಿ. ‘ಜರಿ ಕಚ್ಚಿತು’ ಎಂದು ಕೂಗಿದೆ. ಮನೆಯಲ್ಲಿ ಯಾರೂ ಅಂಗರಚನೆ ಕೇಳಲಿಲ್ಲ, ಸಾಬೂನು ತಂದರು. ರೂಢಿ ಇರುವುದು ಹೀಗೆಯೇ.
— ಗೌ.

ಸುಮ್ಮನಿರೋಣ ಎಂದುಕೊಂಡಿದ್ದೆ. ಆದರೆ ಕರಡಿನಲ್ಲಿ ‘ವಿಷ’, ‘ಪ್ರಥಮ ಚಿಕಿತ್ಸೆ’, ‘ಅಲರ್ಜಿ’ ಎಲ್ಲವೂ ಇರುತ್ತವೆ ಎಂದು ಬಲ್ಲೆ. ‘ನಂಜು’ ನಮ್ಮದು, ತಮಿಳಿನಲ್ಲೂ ಇದೆ. ಶಿವನನ್ನೇ ನಂಜುಂಡ ಎಂದು ಕರೆದವರು ನಾವು. ನಂಜು, ಮೊದಲ ಆರೈಕೆ, ಒಗ್ಗದಿಕೆ. ಎರವಲು ತಂದು ತಂದು ಸ್ವಂತ ಮನೆಯ ಪಾತ್ರೆಗೆ ತುಕ್ಕು ಹಿಡಿಸಿದ್ದೇವೆ.
— ಶಂ.

> ‘ನಂಜು’ ನಮ್ಮದು

ಶಂ. ಅವರೇ, ನಮ್ಮದೇ ಪದ, ಒಪ್ಪಿದೆ. ನಂಜುಂಡನಿಗೆ ಕೈ ಮುಗಿಯುತ್ತೇನೆ. ಆದರೆ ಈ ಹಾಳೆಯಲ್ಲಿ ಅದನ್ನು ಹಾಕಿದರೆ ಓದುವವರಿಗೆ ತೊಂದರೆಯಾಗುತ್ತದೆ. ಇಂದು ‘ಗಾಯ ನಂಜಾಯಿತು’ ಎಂದರೆ ಕೀವಾಯಿತು ಎಂದರ್ಥ, ನಂಜುನಿರೋಧಕ ಹಚ್ಚುವುದು ಅದಕ್ಕಾಗಿ. ಕಡಜ ಚುಚ್ಚಿದ ಕೂಡಲೇ ಏಳುವ ಊತ ವಿಷದ್ದು. ಎರಡು ಮೂರು ದಿನ ಕಳೆದ ಮೇಲೆ ಕೆಂಪು ಹರಡುತ್ತಾ ಹೋಗಿ, ಮುಟ್ಟಿದರೆ ಬಿಸಿಯಾಗಿ ಕೀವು ಕಂಡರೆ ಅದು ನಂಜು. ಮೊದಲನೆಯದಕ್ಕೆ ತಣ್ಣೀರು ಬಟ್ಟೆ, ಎರಡನೆಯದಕ್ಕೆ ವೈದ್ಯರು. ಎರಡಕ್ಕೂ ಒಂದೇ ಪದ ಬರೆದರೆ ಓದಿದವರು ಕಡಜದ ವಿಷಕ್ಕೆ ನಂಜುನಿರೋಧಕ ತಿಕ್ಕುತ್ತಾ ಕೂರುತ್ತಾರೆ.

ಇನ್ನೊಂದು. ಕರಡಿನಲ್ಲಿ ‘ಕೊಂಡಿ ತೆಗೆಯಿರಿ’ ಎಂದಿದ್ದರೆ ಹೊಡೆದುಹಾಕಿ. ಕೊಂಡಿ ಎಂದರೆ ಅರ್ಧ ಜನಕ್ಕೆ ಅಂತರ್ಜಾಲದ ಕೊಂಡಿ, ಉಳಿದ ಅರ್ಧಕ್ಕೆ ಚೇಳಿನ ಬಾಲ. ಚೇಳು ತನ್ನ ಕೊಂಡಿಯನ್ನು ಚರ್ಮದಲ್ಲಿ ಬಿಟ್ಟು ಹೋಗುವುದಿಲ್ಲ, ಕಡಜವೂ ಸಾಮಾನ್ಯವಾಗಿ ಬಿಡುವುದಿಲ್ಲ. ಬಿಟ್ಟು ಹೋಗುವುದು ಜೇನು. ಅದಕ್ಕೆ ‘ಮುಳ್ಳು’ ಎನ್ನಿ. ಮುಳ್ಳಿನ ಹಿಂದೆ ವಿಷದ ಚೀಲ ಅಂಟಿಕೊಂಡಿರುತ್ತದೆ, ಹುಳ ಹಾರಿಹೋದ ಮೇಲೂ ವಿಷ ಒತ್ತುತ್ತಲೇ ಇರುತ್ತದೆ. ಉಗುರಿನಿಂದ ಕೆರೆಯಬೇಕೋ ಚಿಮಟದಿಂದ ಕೀಳಬೇಕೋ ಎಂದು ಯೋಚಿಸುತ್ತಾ ನಿಲ್ಲುವುದಕ್ಕಿಂತ ಬೇಗ ತೆಗೆಯುವುದು ಮುಖ್ಯ.
— ಗೌ.

> ಓದುವವರಿಗೆ ತೊಂದರೆ

ಹೀಗೆ ಒಂದೊಂದೇ ಪದವನ್ನು ‘ತೊಂದರೆ’ ಎಂದು ಬಿಟ್ಟುಕೊಡುತ್ತಾ ಬಂದದ್ದಕ್ಕೇ ಈ ಸ್ಥಿತಿ. ಅಲರ್ಜಿಗಾದರೂ ಏನು ನೆಪ?
— ಶಂ.

ನೆಪ ಬೇಡ, ಚರಿತ್ರೆ ಸಾಕು. 1906ರಲ್ಲಿ ಕ್ಲೆಮೆನ್ಸ್ ಫಾನ್ ಪಿರ್ಕೆ ಎಂಬ ವಿಯೆನ್ನಾದ ವೈದ್ಯ ಗ್ರೀಕ್ ಬೇರುಗಳಿಂದ ಕಟ್ಟಿದ ಪದ ಅದು. ಇಂಗ್ಲಿಷಿಗೂ ಎರವಲೇ. ‘ಒಗ್ಗದಿಕೆ’ ಎಂದರೆ ಸೋದರಮಾವನ ಮನೆಯ ಸಾರು ನನಗೆ ಒಗ್ಗುವುದಿಲ್ಲ ಎಂಬಷ್ಟು ಸಪ್ಪೆ. ತುಟಿ, ನಾಲಗೆ ಊದಿ ಉಸಿರು ಕಟ್ಟುತ್ತಿರುವವನ ಪಕ್ಕದಲ್ಲಿ ನಿಂತು ‘ಒಗ್ಗದಿಕೆ’ ಎಂದು ಹೇಳಿ ನೋಡಿ.
— ವೆಂ.

ವ್ಯಂಗ್ಯ ವಾದವಲ್ಲ.
— ಶಂ.

ದೊಡ್ಡವರು ಜಗಳ ಮುಂದುವರಿಸಿ, ನನಗೆ ಗಡಿಯಾರ ಓಡುತ್ತಿದೆ. ಓದುತ್ತಾ ಹೊಳೆದದ್ದು: ನಾಮಪದ ಹುಡುಕಿದ್ದೇ ತಪ್ಪು. ಕಡಿತ, ದಂಶ, ಕುಟುಕು ಎಲ್ಲಕ್ಕೂ ಬೇರೆ ನೌಕರಿ ಇದೆ. ಕ್ರಿಯಾಪದಕ್ಕೆ ಆ ಕಷ್ಟವಿಲ್ಲ. ತಲೆಬರಹ ಹೀಗೆ:

ಹುಳುಹುಪ್ಪಟೆ ಕಚ್ಚಿದರೆ, ಕುಟುಕಿದರೆ

ಕೋಳಿಯೂ ಅತ್ತೆಯೂ ಇಲ್ಲಿ ನುಸುಳಲಾರರು. ಒಳಗಿನ ಸಾಲುಗಳು: ‘ಜೇನಿನ ಮುಳ್ಳು ಇದ್ದರೆ ಕೂಡಲೇ ತೆಗೆಯಿರಿ. ಸಾಬೂನು ನೀರಿನಿಂದ ತೊಳೆಯಿರಿ. ಮಂಜುಗಡ್ಡೆಯನ್ನು ಬಟ್ಟೆಯಲ್ಲಿ ಸುತ್ತಿ 10 ನಿಮಿಷ ಇಡಿ. ಉಂಗುರ, ಬಳೆ ಇದ್ದರೆ ಊತ ಏರುವ ಮೊದಲೇ ಕಳಚಿ. ಕೊಯ್ಯಬೇಡಿ, ಹೀರಬೇಡಿ, ಬಿಗಿಯಾಗಿ ಕಟ್ಟಬೇಡಿ. ಮೈಯೆಲ್ಲ ಗಂಧೆ ಎದ್ದರೆ, ಮುಖ ಊದಿದರೆ, ಉಸಿರಾಟ ಕಷ್ಟವಾದರೆ, ತಲೆ ಸುತ್ತಿ ಬಿದ್ದರೆ ತಡಮಾಡದೆ ಆಸ್ಪತ್ರೆಗೆ. ಮಗುವಿಗೆ ಚೇಳು ಕುಟುಕಿದರೆ ಲಕ್ಷಣಗಳಿಗಾಗಿ ಕಾಯಲೇಬೇಡಿ.’

ವಿಷ ವಿಷವಾಗಿಯೇ ಇದೆ, ಅಲರ್ಜಿಯೂ. ಶಂ. ಸರ್, ‘ಪ್ರಥಮ ಚಿಕಿತ್ಸೆ’ಯನ್ನು ಮಾತ್ರ ‘ಕೂಡಲೇ ಮಾಡಬೇಕಾದದ್ದು’ ಎಂದು ಬದಲಿಸಿದ್ದೇನೆ.
— ಸು.

‘ಕುಟುಕಿದರೆ’ಗಿಂತ ಮೊದಲು ‘ಅಥವಾ’ ಬೇಡವೇ?
— ರಾ.

ಬೇಡ.
— ವೆಂ.